ಬಿಲ್ಲುಗುಡ್ಡಕ್ಕೆ ಹೋಗಿ ಬಂದವನು

ಕಣಿವೆದುರ್ಗದ ಪೇಟೆ ಅಂದ್ರೆ ಸಾಮಾನ್ಯದ ಪೇಟೆ ಅಲ್ಲ. ಮೂಡಲ ಬಾಗಿಲಿಂದ ಹಿಡಿದು ಅರಮನೆ ಹಜಾರದ ತನಕ ಎರಡೂ ಕಡೆ ಅಂಗಡಿ ಸಾಲು. ಒಂದು ಕಡೆ ಬಳೆಗಾರರು ಮಲಾರ ಬಿಚ್ಚಿ ಕೂತಿರೋರು, ಇನ್ನೊಂದು ಕಡೆ ಕಂಬಳಿ ರಾಶಿ. ನಡುವೆ ಪಟ್ಟದಾನೆ ಬಂತು ಅಂದ್ರೆ ಬಳೆಗಾರನೂ ಕಂಬಳಿಯೋನೂ ಜಾತಿ ಕುಲ ಮರೆತು ಒಬ್ಬರ ಮಡಿಲಿಗೊಬ್ಬರು ಬೀಳೋರು. ಆದ್ರೆ ಆ ವರ್ಷ ಮಳೆಗಾಲದಲ್ಲಿ ದೊರೆ ಕೆಂಗಪ್ಪ ನಾಯಕರು ತೀರ್ಕೊಂಡ ಮೇಲೆ ಆ ಬೀದಿಗೆ ನೆಮ್ಮದಿ ಅನ್ನೋದೇ ಇರಲಿಲ್ಲ. ಬಳೆ ಇಡಿಸ್ಕೊಳೋ ಹೆಂಗಸರ ಕೈ ಬಳೆಗಾರನ ಹತ್ರ, ಕಿವಿ ಅರಮನೆ ಕಡೆ. ಹೊತ್ತು ಇಳಿಯೋಕೆ ಮುಂಚೇನೇ ಕೋಟೆ ಬಾಗಿಲು ಎಳೆಯೋರು. ಲಾಯದಲ್ಲಿ ಕುದುರೆಗಳೂ ಸುಮ್ನೆ ನಿಲ್ಲದೆ ನೆಲ ಕೆರೀತಿದ್ವು. ಮೂಡಲ ಸೀಮೆ ಪಾಳೆಗಾರ ದಂಡು ಕೂಡಿಸ್ತಿದಾನಂತೆ ಅಂತ ಒಬ್ಬ ಅಂದ್ರೆ, ಇನ್ನೊಬ್ಬ ಆ ದಂಡಿಗೆ ಒಂದಷ್ಟು ಆನೆ ಸೇರಿಸಿ ಪಕ್ಕದ ಅಂಗಡಿಗೆ ದಾಟಿಸೋನು.

ಪಟ್ಟದಲ್ಲಿ ಕೂತಿದ್ದು ದೊರೆಯ ಹೆಂಡತಿ, ನಾಗತಿ ಬಂಗಾರವ್ವ. ಆಯಮ್ಮನ ಎಡಕ್ಕೆ ಪ್ರಧಾನಿ ಲಿಂಗರಸಯ್ಯ, ಬಲಕ್ಕೆ ದಳವಾಯಿ ದೇಸಣ್ಣ. ನೋಡೋರ ಕಣ್ಣಿಗೆ ಒಳ್ಳೆ ಜೋಡಿ. ಒಳಗೆ ಮಾತ್ರ ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತಿತ್ತು. ಕೋಣ ಯಾರು ಅಂತ ಬೇರೆ ಹೇಳಬೇಕಾಗಿಲ್ಲ. ದೇಸಣ್ಣ ಮೂಡಲ ಸೀಮೆಯೋನ ಜೊತೆ ಒಳಗೊಳಗೇ ಮಾತಾಡ್ಕೊಂಡಿದ್ದ. ಕಣಿವೆ ದಾರಿ ಕಾಯೋ ಬಿಲ್ಲುಗುಡ್ಡದ ಕೋಟೇನ ಇವನು ಬಿಟ್ಟುಕೊಡಬೇಕು, ಅದಕ್ಕೆ ಬದಲು ಅವನು ಇವನನ್ನ ಪಟ್ಟಕ್ಕೆ ಕೂರಿಸಬೇಕು. ಎಲ್ಲಾ ಕುದುರಿತ್ತು, ಒಂದು ಬಿಟ್ಟು. ಬಿಲ್ಲುಗುಡ್ಡದ ಒಳಕೋಟೆ ಬೀಗದ ಕೈ ಪ್ರಧಾನಿ ಸೊಂಟದಲ್ಲಿತ್ತು. ಆ ಮನುಷ್ಯನೋ, ಮಲಗಿದ್ರೂ ಅದನ್ನ ಬಿಚ್ಚೋನಲ್ಲ. ಅವನ ತಲೆ ಹೋದ್ರೆ ಆ ಬೀಗದ ಕೈ ದಳವಾಯಿಗೆ ಬರೋದು ಕಟ್ಟಳೆ.

ಲಿಂಗರಸಯ್ಯನಿಗೆ ಹೆಂಡದ ಚಟ ಇಲ್ಲ, ಹೆಣ್ಣಿನ ಚಟ ಇಲ್ಲ. ಇದ್ದದ್ದು ಒಗಟಿನ ಚಟ. ದಿನಾ ದೀಪ ಹಚ್ಚೋ ಹೊತ್ತಿಗೆ ಆನೆಕೆರೆ ಮೆಟ್ಟಿಲ ಮೇಲೆ ಬಂದು ಕೂತ್ಕೋಬೇಕು, ಇಲ್ಲಾಂದ್ರೆ ಅನ್ನ ಇಳೀತಿರಲಿಲ್ಲ. ಜೊತೆಗೆ ಯಾರು ಅಂದ್ರೆ, ಪಟ್ಟದಾನೆ ಮಾವುತ ಬುಡನ್ ಸಾಬಿ, ಅರಮನೆಗೆ ಹೂವು ಕೊಡೋ ಸಂಕವ್ವ. ಪ್ರಧಾನಿ ಹೆಂಡತಿಗೆ ಇದು ಕಿಂಚಿತ್ತೂ ಸೇರುತ್ತಿರಲಿಲ್ಲ. ಸೇರೋಕೆ ಅವಳಿಗೇನು ಒಗಟು ಬರ್ತಿತ್ತೇ?

ಒಗಟಿನ ಕಟ್ಟಳೆ ಎಲ್ರಿಗೂ ಗೊತ್ತಿರೋದೇ. ಬಿಡಿಸೋಕಾಗದೆ ಸೋತೋನು ಗೆದ್ದೋನಿಗೆ ಒಂದು ಊರು ಕೊಡಬೇಕು. ಬಾಯಿ ಮಾತಿನ ಊರು. ಆದ್ರೆ ಕಣಿವೆದುರ್ಗದೋರು ಅಷ್ಟಕ್ಕೇ ಬಿಡೋರಲ್ಲ. ಊರು ತಗೊಂಡೋನು ಆ ಊರಿಗೆ ಹೋಗಿ ಬಂದಂಗೆ ಹೇಳಬೇಕು. ಯಾವ ಕಡೆಯಿಂದ ಊರು ಹೊಕ್ಕೆ, ಎಲ್ಲಿ ನೀರು ಕುಡಿದೆ, ಯಾವ ಮರದ ನೆರಳಲ್ಲಿ ಕೂತೆ, ಎಲ್ಲಾ. ಹೇಳಿದ್ದು ಸರಿಯಿದ್ರೆ ಊರು ಅವನದು, ಆಮೇಲೆ ಒಗಟಿನ ಉತ್ತರ ಬಿಚ್ಚಬೇಕು. ತಪ್ಪಿದ್ರೆ ಊರು ವಾಪಸ್ಸು, ಮೇಲೆ ಒಂದಷ್ಟು ನಗೆಚಾಟಿಕೆ. ಹಿಂಗಾಗಿ ಸಂಕವ್ವ ಊರಿಂದಾಚೆ ಕಾಲಿಡದೋಳು, ಪ್ರಧಾನಿಯಿಂದ ಗೆದ್ದ ಊರುಗಳ ಬಾವಿ ಮರ ಗುಡಿ ಎಲ್ಲಾ ಸಂತೇಲಿ ಬಂದೋರನ್ನ ಕೇಳಿ ಕೇಳಿ ಬಾಯಿಪಾಠ ಮಾಡಿದ್ಲು.

ಈ ಚಟದ ಸುಳಿವು ದೇಸಣ್ಣನಿಗೆ ಸಿಕ್ತು. ರಾಚಣ್ಣ ಅಂತ ಮೂಡಲ ಸೀಮೆಯ ಕುದುರೆ ವ್ಯಾಪಾರಿ ಒಬ್ಬನನ್ನ ಕೆರೆ ಮೆಟ್ಟಿಲಿಗೆ ಬಿಟ್ಟ. ಒಳ್ಳೆ ಮೀಸೆ, ಒಳ್ಳೆ ಮಾತು, ಬೆಲ್ಲದಂಥ ನಗು. ಮೊದಮೊದಲು ತಾನೇ ಸೋತು ಊರು ಮೇಲೆ ಊರು ಕೊಟ್ಟ. ಪ್ರಧಾನಿ ಉಬ್ಬಿಹೋದ. ಆಮೇಲೊಂದು ಸಂಜೆ ರಾಚಣ್ಣ ಈ ಒಗಟು ಹಾಕಿದ:

"ಒಡೆಯ ಮನೇಲಿದ್ರೆ ಮೂಲೇಲಿ ಮಲಗ್ತಾನೆ, ಒಡೆಯ ಹೊರಟ್ರೆ ಬಾಗಿಲಿಗೆ ಜೋತು ಬೀಳ್ತಾನೆ, ಹೊಟ್ಟೇಲಿ ಬೆರಳಾಡಿಸಿದ್ರೆ ಬಾಯಿ ಬಿಡ್ತಾನೆ. ಯಾರು?"

ಸಂಕವ್ವನಿಗೆ ಕೇಳಿದ ತಕ್ಷಣ ಹೊಳೀತು. ಬುಡನ್ ಸಾಬಿ ಆಗಲೇ ಮೀಸೆಯಡಿ ನಗ್ತಿದ್ದ. ಲಿಂಗರಸಯ್ಯ ಮಾತ್ರ ಆಕಾಶ ನೋಡಿದ, ಪುರಾಣ ಜಾಲಾಡಿದ, ನಳನ ಸೇವಕನೋ ಶನಿಯೋ ಅಂದ. ದೊಡ್ಡ ತಲೆಗೆ ಸಣ್ಣ ವಸ್ತು ಕಾಣೋದು ಕಷ್ಟ. ಸಂಕವ್ವ ಒಂದು ಸನ್ನೆ ಮಾಡಿದ್ರೆ ಸಾಕಿತ್ತು. ಆದ್ರೆ ಇವನೂ ಒಂದು ಸಲ ಸೋಲಲಿ ಅಂತ ಸೆರಗು ಬಾಯಿಗೆ ಹಿಡ್ಕೊಂಡು ಸುಮ್ನೆ ಕೂತ್ಲು.

ಸೋತೆ ಅಂದ ಪ್ರಧಾನಿ, ಒಂದು ಹಳ್ಳಿ ಕೊಟ್ಟ. ರಾಚಣ್ಣ ಬೇಡ ಅಂದ. ಇನ್ನೊಂದು ಕೊಟ್ಟ. ಅದೂ ಬೇಡ ಅಂದ. ಇಷ್ಟು ದೊಡ್ಡ ಪ್ರಧಾನಿಗಳು ಕೊಡೋದು ಬೋರೆ ಮೇಲಿನ ಹಳ್ಳೀನಾ ಅಂತ ನಕ್ಕ. ಆ ನಗು ಲಿಂಗರಸಯ್ಯನಿಗೆ ನಾಟಿತು. ಬಿಲ್ಲುಗುಡ್ಡ ತಗೋ ಅಂದುಬಿಟ್ಟ. ರಾಚಣ್ಣ ಮೆಲ್ಲಗೆ ವೀಳ್ಯ ಚಾಚಿದ, ವೀಳ್ಯ ಹಿಡ್ದು ಹೇಳಿ ಬುದ್ಧಿ ಅಂತ. ವೀಳ್ಯ ಹಿಡಿದು ಕೊಟ್ಟ ಮಾತು ಕಣಿವೆದುರ್ಗದಲ್ಲಿ ಕಲ್ಲಿನ ಮೇಲೆ ಕೊರೆದಂಗೆ, ಅದು ಪ್ರಧಾನಿಗೂ ಗೊತ್ತು. ಆದ್ರೂ ಆಟದ ಬಿಸಿ. ಹಿಡಿದ, ಹೇಳಿದ. ಅರಳೀಮರದ ಹಿಂದೆ ದಳವಾಯಿ ಕಡೆಯ ಕಾವಲಿನೋರು ನಿಂತು ಕೇಳಿಸ್ಕೊಂಡ್ರು. ರಾಚಣ್ಣ ಊರಿಗೆ ಹೋಗಿ ಬರಲಿಲ್ಲ, ಉತ್ತರ ಬಿಚ್ಚಲಿಲ್ಲ, ವೀಳ್ಯ ಮಡಿಲಿಗೆ ಸೇರಿಸ್ಕೊಂಡು ನಾಳೆ ಬರ್ತೀನಿ ಅಂತ ಎದ್ದುಹೋದ.

"ಸಾಬಣ್ಣ, ಗೆದ್ದೋನು ಹಿಂಗೆ ಎದ್ದು ಹೋಗ್ತಾನಾ?" ಅಂದ್ಲು ಸಂಕವ್ವ.

"ಸಾಲಗಾರನ್ನ ಕಂಡೋನೂ ಇಷ್ಟು ಬಿರ್ರನೆ ಹೋಗಲ್ಲ, ಸಂಕಕ್ಕ," ಅಂದ ಬುಡನ್ ಸಾಬಿ.

ಬೆಳಗಾಗೋದೇ ತಡ, ಪೇಟೆ ತುಂಬ ಸುದ್ದಿ. ಪ್ರಧಾನಿ ಬಿಲ್ಲುಗುಡ್ಡಾನ ಮೂಡಲ ಸೀಮೆಯೋನಿಗೆ ವೀಳ್ಯ ಕೊಟ್ಟು ಮಾರ್ಕೊಂಡನಂತೆ. ನಿನ್ನೆವರೆಗೂ ಅವನ ಮನೆ ಮುಂದೆ ತಲೆ ಬಗ್ಗಿಸ್ತಿದ್ದೋರೇ, ನಂಗೆ ಮೊದ್ಲೇ ಅನುಮಾನ ಇತ್ತು ಅಂತ ಶುರು ಹಚ್ಕೊಂಡ್ರು. ಜನದ ಬಾಯಿಗೆ ಕದ ಇದೆಯಾ?

ಹಜಾರದಲ್ಲಿ ನಾಗತಿ ಕೂತಲ್ಲಿ ಕೂರಲಾರದೆ ಎದ್ದು ಎದ್ದು ಓಡಾಡ್ತಿದ್ರು. ದೇಸಣ್ಣ ಕಾವಲಿನೋರನ್ನ ನಿಲ್ಲಿಸಿದ, ರಾಚಣ್ಣನನ್ನ ನಿಲ್ಲಿಸಿದ, ಬಾಡಿದ ವೀಳ್ಯಾನ ತಟ್ಟೇಲಿ ಇಟ್ಟ. ರಾಚಣ್ಣನ ಜೀವಕ್ಕೆ ಭಯ ಇಲ್ಲ ಅಂತ ನಾಗತಿಯಿಂದ ಅಭಯ ಕೊಡಿಸಿ ಆಗಿತ್ತು. ತನ್ನೊಡೆಯನಿಗೆ ಕೋಟೆ ಕೇಳೋಕೇ ಬಂದಿದ್ದೆ, ಇವರು ಕೊಟ್ರು ಅಂತ ಅವನು ಗಿಣಿ ಹಂಗೆ ಒಪ್ಪಿಸಿದ. ನಾಗತಿ ಪ್ರಧಾನಿಯನ್ನ ಕೇಳಿದ್ರು, ಈ ಮಾತು ಆಡಿದ್ದು ನಿಜವಾ ಅಂತ.

"ಆಡಿದ್ದು ನಿಜ, ತಾಯಿ. ಒಗಟಿನಾಟದಲ್ಲಿ ಆಡಿದ್ದು."

"ವೀಳ್ಯ ಹಿಡಿದಿದ್ದೂ ಆಟಾನಾ?"

ಲಿಂಗರಸಯ್ಯ ಸೊಂಟದಿಂದ ಬೀಗದ ಕೈ ಬಿಚ್ಚಿ ಪಟ್ಟದ ಮೆಟ್ಟಿಲ ಮೇಲೆ ಇಟ್ಟ. ರಾಜದ್ರೋಹಕ್ಕೆ ತಲೆದಂಡ ಅಂತ ದೇಸಣ್ಣ ನೆನಪು ಮಾಡಿದ, ಯಾರೂ ಮರೆತಿರದಿದ್ರೂ. ಅವನ ಕಣ್ಣು ಮಾತ್ರ ಪ್ರಧಾನಿ ತಲೆ ಮೇಲಿರಲಿಲ್ಲ, ಆ ಬೀಗದ ಕೈ ಮೇಲಿತ್ತು.

ಆಗ ಹೂವಿನ ಬುಟ್ಟಿ ಹೊತ್ತು ನಿಂತಿದ್ದ ಸಂಕವ್ವ ಬುಟ್ಟಿ ಕೆಳಗಿಟ್ಲು. ರಾತ್ರಿಯೆಲ್ಲ ಅವಳಿಗೆ ನಿದ್ದೆ ಬಂದಿರಲಿಲ್ಲ. ತಾನು ಸೆರಗು ಕಚ್ಚಿ ನಕ್ಕಿದ್ದೇ ಒಬ್ಬರ ಕೊರಳಿಗೆ ಬಂತಲ್ಲ ಅನ್ನೋ ಸಂಕಟ.

"ಅಮ್ಮಾವ್ರೇ, ಆಟ ಮುಗಿದಿಲ್ಲ," ಅಂದ್ಲು. "ಊರು ಗೆದ್ದೋನು ಊರಿಗೆ ಹೋಗಿ ಬರಬೇಕು. ಈ ಯಪ್ಪ ಹೋಗಿಲ್ಲ. ಹೋಗಿ ಬರೋ ತನಕ ಊರು ಕೊಟ್ಟೋರದೇ. ಬೇಕಾದ್ರೆ ಈ ಹಜಾರದಲ್ಲಿರೋ ಯಾವ ಮುದುಕೀನಾದ್ರೂ ಕೇಳಿ."

ಮುದುಕೀರೆಲ್ಲ ತಲೆ ಆಡಿಸಿದ್ರು. ತಲೆ ಹೋಗೋ ಹೊತ್ತಲ್ಲಿ ಇದೇನು ಹುಡುಗಾಟಿಕೆ ಅಂತ ದೇಸಣ್ಣ ಗದರಿದ. ನಾಗತಿ ಅವನ ಕಡೆ ನೋಡ್ಲೇ ಇಲ್ಲ. ವೀಳ್ಯದ ಕಟ್ಟಳೆ ಕಟ್ಟಳೆ ಆದ್ರೆ ಇದೂ ಕಟ್ಟಳೆ, ಹೇಳಲಾರದಿದ್ರೆ ಊರು ವಾಪಸ್ಸು, ದೂರೂ ವಾಪಸ್ಸು ಅಂದ್ರು. ಅಲ್ಲಿಗೆ ರಾಚಣ್ಣನಿಗೆ ಬಾಯಿ ಮುಚ್ಚೋ ಹಂಗೂ ಇಲ್ಲ.

ಹೆಬ್ಬಾಗಿಲಿಂದ ಒಳಗೆ ಹೋದೆ ಅಂತ ಶುರು ಮಾಡಿದ. ಬುಡನ್ ಸಾಬಿ ಹೊಟ್ಟೆ ಹಿಡ್ಕೊಂಡು ನಕ್ಕ. ಮಳೇಲಿ ಹೆಬ್ಬಾಗಿಲ ಕಮಾನು ಬಿದ್ದು, ದೊಡ್ಡ ದೊಡ್ಡ ಬಂಡೆ ಪೇರಿಸಿ ಮುಚ್ಚಿದಾರೆ, ಆ ಬಂಡೆ ಎಳೆದಿದ್ದು ನನ್ನ ಆನೇನೇ ಅಂದ. ಹಜಾರ ಎಲ್ಲ ನಗು.

"ಬಿಡಿ ಸಾಬಣ್ಣ, ಪಾಪ," ಅಂದ್ಲು ಸಂಕವ್ವ. "ಯಾರೋ ಹೇಳ್ಕೊಟ್ಟ ಒಗಟು ಒಂದೇ ಒಂದು ಇತ್ತು ಇವನ ಹತ್ರ. ನಮ್ಮೂರ ಎಮ್ಮೇನಾದ್ರೂ ಗೆದ್ದ ಊರಿನ ದಾರಿ ಹೇಳ್ತದೆ."

ರಾಚಣ್ಣನ ಮುಖ ಕೆಂಪಗಾಯ್ತು. ಎಷ್ಟಾದ್ರೂ ಅವನೂ ಒಗಟಿನೋನೇ. ಒಗಟಿನೋನಿಗೆ ಬೈದ್ರೆ ತಡ್ಕೋತಾನೆ, ಬರಲ್ಲ ಅಂದ್ರೆ ತಡ್ಕೊಳಲ್ಲ. ದೇಸಣ್ಣ ಕೆಮ್ಮಿದ. ಅದು ಅವನ ಕಿವಿಗೆ ಬೀಳಲಿಲ್ಲ. ಆ ಕೋಟೆಗೆ ಅವನಿಗೆ ಗೊತ್ತಿದ್ದ ದಾರಿ ಒಂದೇ, ಅದನ್ನೇ ಹಿಡಿದ.

"ಹೆಬ್ಬಾಗಿಲು ಯಾರಿಗೆ ಬೇಕು? ಪಡುವಲ ಬಂಡೆ ಕೆಳಗೆ ಮಾರಮ್ಮನ ಗುಡಿ. ಗುಡಿ ಹಿಂದೆ ಕಳ್ಳಿ ಸರಿಸಿದ್ರೆ ದಿಡ್ಡಿ ಬಾಗಿಲು. ಬಗ್ಗಿ ಒಳಗೆ ಹೋದೆ. ಕತ್ತಲು. ಎಡಗಡೆ ಬಂಡೆ ದೊಣೆಯಲ್ಲಿ ನೀರು ಕುಡಿದೆ, ತಣ್ಣಗೆ ಕೊರೀತಿತ್ತು. ಆಮೇಲೆ ನಾರಿನ ಹಗ್ಗದೇಣಿ ಹಿಡಿದು ಮೇಲೆ ಹತ್ತಿದೆ."

ಹಜಾರದೋರೆಲ್ಲ ಮುಖ ಮುಖ ನೋಡ್ಕೊಂಡ್ರು. ಆ ದಿಡ್ಡಿ ಇರೋದೇ ಜನಕ್ಕೆ ಗೊತ್ತಿರಲಿಲ್ಲ. ಅಷ್ಟರಲ್ಲಿ ತಲೆ ಹೋಗಬೇಕಾಗಿದ್ದ ಲಿಂಗರಸಯ್ಯ, ತಾನೆಲ್ಲಿದೀನಿ ಅನ್ನೋದನ್ನೇ ಮರೆತು ತೊಡೆ ತಟ್ಟಿದ.

"ಸೋತೆ ನೀನು, ಊರು ವಾಪಸ್ಸು. ಅಲ್ಲಿ ಹಗ್ಗದೇಣಿ ಎಲ್ಲಿದೆಯಯ್ಯಾ? ಕಲ್ಲಿನ ಮೆಟ್ಟಿಲಿರೋದು. ದೊರೆಗಳ ಜೊತೆ ನಾನೇ ಹತ್ತಿದೀನಿ."

ನಾಗತಿ ಓಡಾಟ ನಿಲ್ಲಿಸಿದ್ರು. ಬೆಳಗಿಂದ ಮೊದಲ ಸಲ ಕೂತ್ರು.

"ಮೆಟ್ಟಿಲು ಮಳೇಲಿ ಕುಸೀತು, ಪ್ರಧಾನಿಗಳೇ. ನಿಮಗೆ ಗೊತ್ತಿಲ್ಲ. ಕುಸಿದಿದ್ದನ್ನ ಬಂದು ಹೇಳಿದ್ದು ದಳವಾಯಿಗಳು. ಅವರೇ ಕೈಯಾರೆ ಹಗ್ಗದೇಣಿ ಕಟ್ಟಿ, ಇದು ನಮ್ಮಿಬ್ಬರಲ್ಲೇ ಇರಲಿ, ಪ್ರಧಾನಿಗೂ ಬೇಡ ಅಂದ್ರು." ಆಮೇಲೆ ಬಲಕ್ಕೆ ತಿರುಗಿದ್ರು. "ನಾನಂತೂ ಈ ಕುದುರೆಯೋನಿಗೆ ಹೇಳಿಲ್ಲ, ದೇಸಣ್ಣ."

ದೇಸಣ್ಣ ಕತ್ತಿಗೆ ಕೈ ಹಾಕಿದ. ಬುಡನ್ ಸಾಬಿ ಆನೆ ಅಂಕುಶದ ಕೊಕ್ಕೆಯನ್ನ ಅವನ ನಡುಕಟ್ಟಿಗೆ ಸಿಕ್ಕಿಸಿ ಎಳೆದ. ಮದ ಬಂದ ಆನೇನ ನಿಲ್ಲಿಸಿದೋನಿಗೆ ದಳವಾಯಿ ಯಾವ ಲೆಕ್ಕ? ಅಂಗಾತ ಬಿದ್ದ. ಹೊತ್ತೇರೋ ಅಷ್ಟರಲ್ಲಿ ಅವನು ಸೆರೆಮನೇಲಿ, ನಾಗತಿ ಅಭಯ ಕೊಟ್ಟ ತಪ್ಪಿಗೆ ರಾಚಣ್ಣ ಗಡಿಯಾಚೆ, ಮಾರಮ್ಮನ ದಿಡ್ಡಿ ಬಂಡೆಯಡಿ. ಮೂಡಲ ಸೀಮೆ ದಂಡು ಕಣಿವೆವರೆಗೂ ಬಂದು, ಏಣಿ ಇಳಿಬಿಡೋರಿಲ್ಲದೆ ಬಂದ ದಾರಿ ಹಿಡೀತು. ಪೇಟೇಲಿ ಜನ, ಪ್ರಧಾನಿಗಳು ಚಿನ್ನದಂಥೋರು ಅಂತ ನಂಗೆ ಮೊದ್ಲೇ ಗೊತ್ತಿತ್ತು ಅಂತ ಮಾತಾಡ್ಕೊಂಡ್ರು.

ನಾಗತಿ ಬೀಗದ ಕೈ ವಾಪಸ್ಸು ಕೊಟ್ಟಾಗ ಲಿಂಗರಸಯ್ಯ ಬೇಡ ಅಂದ. ಆಟದಲ್ಲೇ ಆಗಲಿ, ಒಂದು ಸಲ ನನ್ನ ಬಾಯಲ್ಲಿ ಆ ಕೋಟೆ ಹೋಗಿದೆ, ತಾಯಿ, ಇನ್ನು ಅದು ನನ್ನ ಸೊಂಟದಲ್ಲಿರಬಾರದು, ನಿಮ್ಮ ಹತ್ರಾನೇ ಇರಲಿ ಅಂದ. ಪ್ರಧಾನಿಕೆ ಮಾಡಿದ, ಬೀಗದ ಕೈ ಮಾತ್ರ ಸಾಯೋ ತನಕ ಮುಟ್ಟಲಿಲ್ಲ.

ಬೀಗದ ಕೈ ಬೇಡ ಅಂದ ದಿನಾನೇ ಸಂಜೆ ಕೆರೆ ಮೆಟ್ಟಿಲ ಮೇಲೆ ಮತ್ತೆ ಮೂರೂ ಜನ. ಪ್ರಧಾನಿ ಕೂತಲ್ಲೇ ಹೊರಳಾಡ್ತಿದ್ದ. ತಲೆ ಉಳೀತು, ಆದ್ರೆ ಒಗಟು ಉಳೀತಲ್ಲ. ಉತ್ತರ ಹೇಳದೇ ಓಡಿಸಿಬಿಟ್ರಲ್ಲ ಅವನನ್ನ, ಅಂತ ಗೊಣಗಿದ.

"ಊರು ಕೊಡಿ ಬುದ್ಧಿ, ನಾನು ಹೇಳ್ತೀನಿ," ಅಂದ್ಲು ಸಂಕವ್ವ.

ಊರು ಅಂದಕೂಡ್ಲೇ ಲಿಂಗರಸಯ್ಯನ ಮುಖ ಬಿಳುಚಿತು. ಇಡೀ ಸೀಮೆಯ ಪ್ರಧಾನಿಗೆ ಒಂದು ಹಳ್ಳಿ ಹೆಸರೂ ಬಾಯಿಗೆ ಬರಲಿಲ್ಲ. ಕೊನೆಗೆ ತಾನು ಕೂತಿದ್ದ ಕಲ್ಲನ್ನ ಅಂಗೈಯಲ್ಲಿ ತಟ್ಟಿ, ಈ ಮೆಟ್ಟಿಲು ತಗೋ, ನನ್ನದು ಅಂತ ಇರೋದು ಇಷ್ಟೇ ಅಂದ.

ಸಂಕವ್ವ ಬೇಡ ಅನ್ನಲಿಲ್ಲ. ಸೆರಗು ಸರಿಮಾಡ್ಕೊಂಡು ಕಟ್ಟಳೆ ಪ್ರಕಾರ ಶುರು ಮಾಡಿದ್ಲು.

"ಆನೆಕೆರೆ ಮೆಟ್ಟಿಲಿಗೆ ಹೋದೆ. ಅರಳೀಮರದ ಕಡೆಯಿಂದ ಇಳಿದೆ. ಕೆರೇಲಿ ನೀರು ಕುಡಿದೆ, ಒಂದಿಷ್ಟು ಆನೆ ವಾಸನೆ. ಅಲ್ಲೊಬ್ಬ ದೊಡ್ಡ ಮನುಷ್ಯ ಕೂತಿದ್ದ, ಸೊಂಟ ಖಾಲಿ. ಅಲ್ಲಿ ನೇತಾಡ್ತಿದ್ದ ಕೈ ಯಾತರದ್ದು ಅಂತ ಅವನನ್ನೇ ಕೇಳ್ದೆ."

ಲಿಂಗರಸಯ್ಯನ ಕೈ ತಾನಾಗೇ ಸೊಂಟಕ್ಕೆ ಹೋಯ್ತು. ಅಲ್ಲಿ ಏನೂ ಇರಲಿಲ್ಲ. ಬರೀ ಜಾಗ ತಡವಿದ.

"ಬೀಗ," ಅಂದ.

ಬುಡನ್ ಸಾಬಿ ನಕ್ಕ ನಗುವಿಗೆ ಕೆರೆಯಾಚೆ ಕಟ್ಟಿದ್ದ ಆನೆ ಕಿವಿ ನಿಮಿರಿಸಿತು.