ಪಟ್ಟಿಯಲ್ಲಿ ಉಳಿದ ಕೊನೆಯ ತಪ್ಪು

"ಈ ಆ್ಯಪ್ ಮಾಡಿದೋರು ಯಾರ್ರೀ?"

ಕೆಲಸಕ್ಕೆ ಸೇರಿದ ಎರಡನೇ ದಿನವೇ ಅವಳು ಆಫೀಸಿನ ನಡುವೆ ನಿಂತು ಕೇಳಿದಳು. ಕೈಯಲ್ಲಿ ಅಪ್ಪನ ಹಳೇ ಮೊಬೈಲು.

ಕಿಟಕಿ ಪಕ್ಕದ ಕುರ್ಚಿ ಗಿರ್ರನೆ ತಿರುಗಿತು.

"ನಾನೇ. ಏನೀಗ?"

"ಮಾತ್ರೆ ಹೊತ್ತಿಗೆ ಗಂಟೆ ಹೊಡೀಬೇಕು ತಾನೇ ಇದು? ಮೊಬೈಲ್ ಆಫ್ ಮಾಡಿ ಆನ್ ಮಾಡಿದ್ರೆ ಸದ್ದೇ ಇಲ್ಲ! ನಿನ್ನೆ ನಮ್ಮಪ್ಪ ಬಿಪಿ ಮಾತ್ರೆ ಮರೆತೇಬಿಟ್ರು!"

"ಅಪ್ಪನ ಮೇಲೆ ಪ್ರಯೋಗ ಮಾಡಿ ಅಂದೋರು ಯಾರು?"

"ಪರೀಕ್ಷೆ ಮಾಡೋದೇ ನನ್ನ ಕೆಲಸ!"

"ಗೊತ್ತು ಬಿಡ್ರೀ. ಡಿಗ್ರಿ ಇರೋರಿಗೆ ಬೇರೆಯವರ ತಪ್ಪು ಹುಡುಕೋದು ಬಿಟ್ಟು ಇನ್ನೇನು ಬರುತ್ತೆ!"

ಇಡೀ ಆಫೀಸು ಇತ್ತ ತಿರುಗಿ ನೋಡಿತು.

ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಮುಂಗೋಪಿ ಎಂದು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಸ್ಕ್ರೂ ಬಿಚ್ಚುತ್ತಾ ಬಿಚ್ಚುತ್ತಾ ಆ್ಯಪ್ ಬರೆಯುವುದನ್ನು ಕಲಿತವನು. ಅಂಥವನಿಗೆ ತಪ್ಪು ತೋರಿಸಿದರೆ ಅದು ತಪ್ಪಿನಂತೆ ಕಾಣುವುದಿಲ್ಲ, ಕಪಾಳಕ್ಕೆ ಬಿದ್ದ ಏಟಿನಂತೆ ಕಾಣುತ್ತದೆ!

ಆದರೆ ಮರುದಿನ ಬೆಳಿಗ್ಗೆ ಗಂಟೆ ಸರಿಯಾಗಿತ್ತು. ತಪ್ಪಿನ ಪಟ್ಟಿಯಲ್ಲಿ, ಅವಳ ದೂರಿನ ಕೆಳಗೆ, ಅವನದೊಂದು ಸಾಲು...

'ಅಪ್ಪ ಮಾತ್ರೆ ತಗೊಂಡ್ರಾ?'

ಅವಳ ಎದೆಯಲ್ಲಿ ಏನೋ ಸಣ್ಣಗೆ ಮಿಡಿಯಿತು.

ಬಾಸ್ ಹಾಕಿದ್ದ ನಿಯಮ ಇಷ್ಟೇ. ಅವಳು ತಪ್ಪನ್ನು ಪಟ್ಟಿಗೆ ಬರೆಯಬೇಕು, ಅವನು ತಿದ್ದಿ ಕಳಿಸಬೇಕು, ಅವಳು ನೋಡಿ ಅಳಿಸಬೇಕು. ಪಟ್ಟಿ ಖಾಲಿಯಾದ ದಿನ ಆ್ಯಪ್ ಬಿಡುಗಡೆ. ಅದೇ ದಿನ ಅವಳ ಕೆಲಸವೂ ಮುಗಿದಂತೆ. ಕೆಲಸ ಬಿಟ್ಟ ಪತ್ರ ಹಿಡಿದು ಬೇರೆ ಕಂಪನಿಗೆ ಹೋಗಬೇಕು.

ಮೂರು ತಿಂಗಳು. ಇನ್ನೂರಾ ಹನ್ನೆರಡು ತಪ್ಪು. ಪ್ರತಿಯೊಂದಕ್ಕೂ ಒಂದು ಜಗಳ, ಒಂದು ಚಹಾ. ಅಪ್ಪನಿಗೆ ಕಾಣಿಸಲೆಂದು ಅಕ್ಷರ ದಪ್ಪವಾಯಿತು, ಕೈ ನಡುಗಿದರೂ ಒತ್ತಲಾಗಲೆಂದು ಗುಂಡಿ ಅಗಲವಾಯಿತು.

ಕೊನೆಗೆ ಒಂದೇ ಒಂದು ಉಳಿಯಿತು: 'ಗಂಟೆಯ ಚಿತ್ರ ಕೂದಲೆಳೆಯಷ್ಟು ಎಡಕ್ಕೆ ವಾಲಿದೆ.'

ಒಂದು ದಿನವಾಯಿತು. ಮೂರು ದಿನವಾಯಿತು. ಅವನದು ಒಂದೇ ಉತ್ತರ, 'ನೋಡ್ತಿದ್ದೀನಿ.'

ಒಂಬತ್ತನೇ ದಿನ ಬಾಸ್ ಸಿಡಿದರು. "ಆ ಗಂಟೆ ಚಿತ್ರಕ್ಕೆ ಒಂಬತ್ತು ದಿನಾನಾ? ಮೇಡಂ, ಸೋಮವಾರ ನೀವು ಹೊಸ ಕಡೆ ಸೇರ್ಬೇಕು ತಾನೇ? ಪಟ್ಟಿ ಖಾಲಿ ಆಗದೆ ಪತ್ರ ಕೊಡಕ್ಕಾಗಲ್ಲ!"

'ಬೇಕಂತಲೇ ಮಾಡ್ತಿದ್ದಾನೆ... ಮೊದಲ ಜಗಳದ ಸೇಡು ಇನ್ನೂ ಇಟ್ಟುಕೊಂಡಿದ್ದಾನೆ!'

ಕಣ್ಣು ತುಂಬಿಕೊಂಡೇ ಅವನ ಮೇಜಿಗೆ ಹೋದಳು. ಅವನು ಪರೀಕ್ಷೆಗೆ ಬಳಸುವ ಮೊಬೈಲು ಅಲ್ಲೇ ತೆರೆದಿತ್ತು.

ಅದರಲ್ಲಿ ಗಂಟೆ ನೆಟ್ಟಗೆ ನಿಂತಿತ್ತು!

"ಸರಿ ಮಾಡಿ ಬಚ್ಚಿಟ್ಟಿದ್ದೀರಾ? ನನ್ನ ಮೇಲೆ ಇಷ್ಟೊಂದು ದ್ವೇಷಾನಾ?"

ಅವನು ಕುರ್ಚಿಯಿಂದ ಎದ್ದ. "ದ್ವೇಷ ಅಲ್ಲ ರೀ..."

"ಮತ್ತೇನು?"

"ನೀವು ಬರೆದ ದಿನವೇ ಸರಿ ಮಾಡ್ದೆ. ಕಳಿಸೋಕೆ ಕೈ ಬರ್ಲಿಲ್ಲ. ಕಳಿಸಿದ್ರೆ ಪಟ್ಟಿ ಖಾಲಿ. ಖಾಲಿ ಆದ್ರೆ... ನೀವು ಹೊರಟುಹೋಗ್ತೀರ."

ಅವಳು ಕಣ್ಣೊರೆಸಿಕೊಂಡಳು.

"ಅದಕ್ಕೆ? ಎಷ್ಟು ಮನೆಗಳಲ್ಲಿ ಎಷ್ಟು ಅಪ್ಪಂದಿರು ಈ ಗಂಟೆಗೆ ಕಾಯ್ತಿದ್ದಾರೆ ಗೊತ್ತಾ? ಕಳಿಸ್ರೀ ಮೊದಲು!"

ಅವನು ತಲೆ ತಗ್ಗಿಸಿ ಗುಂಡಿ ಒತ್ತಿದ. ಅವಳು ನೋಡಿದಳು, ಅಳಿಸಿದಳು. ಪಟ್ಟಿ ಖಾಲಿ.

ಹನ್ನೊಂದಕ್ಕೆ ಆ್ಯಪ್ ಬಿಡುಗಡೆಯಾಯಿತು. ಬಾಸ್ ಕುರ್ಚಿ ಹತ್ತಿ ಚಪ್ಪಾಳೆ ತಟ್ಟಿದರು. ಮಧ್ಯಾಹ್ನ ಒಂದಕ್ಕೆ ಅವಳ ಫೋನ್ ರಿಂಗಾಯಿತು. ಅಪ್ಪ.

"ಮಗಳೇ, ಮೊಬೈಲ್ ಕೆಳಗೆ ಬಿದ್ದು ಆಫ್ ಆಗಿತ್ತು ಕಣೇ. ಆನ್ ಮಾಡ್ದೆ. ಆದ್ರೂ ಗಂಟೆ ಹೊಡೀತು! ಮಾತ್ರೆ ನುಂಗಿದೆ."

ಅಬ್ಬಾ... ಮೂರು ತಿಂಗಳಿಂದ ಎದೆ ಮೇಲಿದ್ದ ಭಾರ ಒಂದೇ ಉಸಿರಿಗೆ ಇಳಿಯಿತು. ಅವಳು ನೇರ ಕಿಟಕಿ ಪಕ್ಕಕ್ಕೆ ಬಂದಳು.

"ಬೆಳಿಗ್ಗೆ ಬೈದಿದ್ದರಲ್ಲಿ ಅರ್ಧ ನನಗೇ ಬೈಕೊಂಡಿದ್ದು."

"ಹಾಂ?"

"ಆ ಗಂಟೆ ವಾಲಿರೋದು ಯಾರ ಕಣ್ಣಿಗೂ ಕಾಣಲ್ಲ. ಸ್ಕೇಲ್ ಇಟ್ಟು ಅಳೆದೆ."

"ಯಾಕೆ?"

"ಬರೆಯೋಕೆ ಬೇರೆ ತಪ್ಪೇ ಉಳಿದಿರ್ಲಿಲ್ಲ... ಪಟ್ಟಿ ಖಾಲಿ ಆಗ್ಬಿಡ್ತಿತ್ತಲ್ಲ!"

ಮುಂಗೋಪಿ ನಕ್ಕಿದ್ದನ್ನು ಆಫೀಸು ಅವತ್ತೇ ಮೊದಲು ನೋಡಿದ್ದು.

"ಸೋಮವಾರದಿಂದ ನನ್ನ ತಪ್ಪು ಹುಡುಕೋರು ಯಾರು?"

"ನಾನೇ. ಡಿಗ್ರಿ ಇರೋರಿಗೆ ಇನ್ನೇನು ಬರುತ್ತೆ? ಸಂಜೆ ಮನೆಗೆ ಬಾ, ಅಪ್ಪನ್ನ ನೋಡುವಂತೆ."

ಅವನ ನಗು ಅರ್ಧಕ್ಕೆ ನಿಂತಿತು. "ಎಲ್ಲೀವರೆಗೆ ಓದಿದ್ದೀಯಪ್ಪಾ ಅಂತ ಕೇಳಿದ್ರೆ?"

ಅವಳು ಅವನ ಕೈ ಹಿಡಿದುಕೊಂಡಳು.

"ಕೇಳ್ಲಿ. ಗಂಟೆ ಹೊಡೆಸಿದೋನು ಇವನೇ ಅಪ್ಪಾ ಅಂತ ನಾನು ಹೇಳ್ತೀನಿ."