ಕ್ರೀಮ್ ಬಿಸ್ಕತ್ತಿನ ಪಿನ್ನು

ಮಂಗಳವಾರ ಬೆಳಿಗ್ಗೆ ಠಾಣೆಗೆ ಬಂದ ಅಜ್ಜಿ ಮೇಜಿನ ಮೇಲೆ ಹರಿದ ಕ್ರೀಮ್ ಬಿಸ್ಕತ್ತಿನ ಪ್ಯಾಕೆಟ್ಟನ್ನೂ ಉಗುರುದ್ದದ ಕಪ್ಪು ತಂತಿಯ ಚೂರನ್ನೂ ಇಟ್ಟಳು.

“ಮೊಮ್ಮಗನ ಗಂಟಲಿಂದ ಡಾಕ್ಟ್ರು ತೆಗೆದ್ರು. ನಾನೇ ಕೈಯಾರೆ ತಿನ್ನಿಸಿದ್ದು, ಮೇಡಂ.”

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಪಂಚನಾಮೆ ಮಾಡಿ ಎರಡನ್ನೂ ವಶಕ್ಕೆ ಪಡೆದರು. ಬೆಳಕಿಗೆ ಹಿಡಿದು ನೋಡಿದಾಗ ಗುರುತು ಹತ್ತಿತು. ಅಂಥದ್ದೇ ಅವರ ತುರುಬಿನಲ್ಲೂ ಇತ್ತು: ಕೂದಲ ಪಿನ್ನು. ಮುರಿದದ್ದಲ್ಲ, ಇಕ್ಕಳದಿಂದ ಕತ್ತರಿಸಿದ್ದು.

“ಇದು ಕೈತಪ್ಪಿ ಬಿದ್ದಿದ್ದಲ್ಲ. ಜೀಪ್ ತೆಗಿ,” ಎಂದರು ಕಾನ್‌ಸ್ಟೇಬಲ್‌ಗೆ.

ಕಾರ್ಖಾನೆಯ ಮ್ಯಾನೇಜರ್ ಎದೆಯುಬ್ಬಿಸಿ ಹೇಳಿದ: “ಲೋಹ ಪತ್ತೆ ಯಂತ್ರ ಇದೆ, ಮೇಡಂ. ಚೂರು ಕಬ್ಬಿಣ ಬಂದ್ರೂ ಬೆಲ್ಟ್ ತಾನಾಗೇ ನಿಲ್ಲುತ್ತೆ.”

“ಹಾಗಾದ್ರೆ ಇದು ಹೇಗೆ ದಾಟ್ತು?”

ಅವನ ಪಕ್ಕದಲ್ಲಿದ್ದ ಮೆಕ್ಯಾನಿಕ್ ಉತ್ತರಿಸಿದ. “ಪಿನ್ನಿನ ಚೂರು ಸಿಕ್ಕಿ ಬೆಲ್ಟ್ ಪದೇ ಪದೇ ನಿಲ್ತಿತ್ತು. ಕೆಲಸ ಕೆಡುತ್ತೆ ಅಂತ ಹೋದ ವಾರ ಸಾಹೇಬ್ರೇ ಯಂತ್ರದ ಸೂಕ್ಷ್ಮತೆ ಇಳಿಸೋಕೆ ಹೇಳಿದ್ರು.”

“ಬೆಲ್ಟ್ ನಿಂತಾಗ ಬಿಸ್ಕತ್ತು ಜೋಡಿಸೋ ಹೆಂಗಸ್ರು ಏನ್ಮಾಡ್ತಿದ್ರು?”

“ಬಾತ್‌ರೂಮಿಗೆ ಓಡ್ತಿದ್ರು.”

ಇನ್ಸ್‌ಪೆಕ್ಟರ್ ಬೆಲ್ಟಿನತ್ತ ತಿರುಗಿದರು. ಬಿಸ್ಕತ್ತು ಪ್ರವಾಹದಂತೆ ನುಗ್ಗುತ್ತಿತ್ತು. ಜೋಡಿಸುವ ಹೆಂಗಸರಲ್ಲಿ ಪೊಲೀಸರನ್ನು ಕತ್ತೆತ್ತಿ ನೋಡುವಷ್ಟು ಪುರುಸೊತ್ತೂ ಯಾರಿಗೂ ಇರಲಿಲ್ಲ.

ಸಾಕ್ಷಿಗಳ ಎದುರು ಲಾಕರುಗಳನ್ನು ತೆರೆಸಲಾಯಿತು. ಎಲ್ಲರೂ ದೊಡ್ಡಕ್ಕ ಎಂದು ಕರೆಯುತ್ತಿದ್ದ ಹಿರಿಯ ಕೆಲಸದವಳ ಲಾಕರಿನಲ್ಲಿ ಪುಟ್ಟ ಇಕ್ಕಳ, ಅರ್ಧ ಕತ್ತರಿಸಿದ ಪಿನ್ನುಗಳು ಸಿಕ್ಕವು.

“ಇದು ನಿಂದಾ?”

“ನಂದೇ.”

“ಯಾಕೆ?”

ದೊಡ್ಡಕ್ಕ ಬೆಲ್ಟಿನ ಕೊನೆಯಲ್ಲಿದ್ದ ತುಂಬು ಬಸುರಿಯತ್ತ ನೋಡಿದಳು. “ಬೆಲ್ಟಿನ ವೇಗ ಹೆಚ್ಚಿಸಿದ ಮೇಲೆ ಊಟದವರೆಗೂ ಕದಲೋ ಹಾಗಿರ್ಲಿಲ್ಲ. ಪಾಪ, ಆ ಹುಡುಗಿ ಬಾತ್‌ರೂಮಿಗೆ ಬಿಡಿ ಅಂತ ಕೇಳಿ ಕೇಳಿ ಸಾಕಾಗಿ, ನಿಂತಲ್ಲೇ ಬಟ್ಟೇಲೇ ಆಗೋಯ್ತು. ಅವಳ ಕೈಲೇ ನೆಲ ಒರೆಸಿಸಿದ್ರು. ಮಾರನೇ ದಿನ ನಾನು ಮೊದಲ್ನೇ ಚೂರು ಹಾಕ್ದೆ. ಪ್ರತಿ ಸಲ ಯಂತ್ರ ಹಿಡೀತಿತ್ತು, ಆ ಪ್ಯಾಕೆಟ್ ಕಸಕ್ಕೆ ಹೋಗ್ತಿತ್ತು. ಅದರ ಸೂಕ್ಷ್ಮತೆ ಇಳಿಸಿದಾರೆ ಅಂತ ನಮಗ್ಯಾರೂ ಹೇಳ್ಲಿಲ್ಲ… ಮಗು ಹೇಗಿದೆ?”

“ಉಳೀತು. ಮಾತಾಡೋಕೆ ಇನ್ನೂ ಆಗ್ತಿಲ್ಲ.”

ದೊಡ್ಡಕ್ಕ ತನ್ನ ತುರುಬಿನ ಪಿನ್ನು ಕಿತ್ತು ಇನ್ಸ್‌ಪೆಕ್ಟರ್ ಕೈಗಿಟ್ಟಳು.

ಸಂಜೆ ಇಬ್ಬರ ಬಂಧನವಾಯಿತು. ದೊಡ್ಡಕ್ಕ ಮೊದಲ ಆರೋಪಿ, ಮ್ಯಾನೇಜರ್ ಎರಡನೆಯವನು. ಅವನನ್ನು ಬಿಡುವಂತೆ ಮೂರು ಕಡೆಯಿಂದ ಫೋನು ಬಂದರೂ ಇನ್ಸ್‌ಪೆಕ್ಟರ್ ಜಗ್ಗಲಿಲ್ಲ.

ಠಾಣೆಯಲ್ಲಿ ಹೇಳಿಕೆ ಓದಿ ಹೇಳಿದಾಗ ದೊಡ್ಡಕ್ಕ ತಡೆದಳು. “ಬೇಕಂತಲೇ ಹಾಕಿದ್ದು ನಿಜ, ಮೇಡಂ. ಆದ್ರೆ ಮಗೂಗಲ್ಲ, ಬೆಲ್ಟಿಗೆ. ಅದನ್ನೂ ಬರೀತೀರಾ?”

ಇನ್ಸ್‌ಪೆಕ್ಟರ್ ಎರಡನ್ನೂ ಬರೆದರು.