ನಾಲ್ಕನೇ ಮಹಡಿಯ ದೂರು

ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡಿದ್ದ ಮೇಷ್ಟ್ರು ಅಂದು ಮೊದಲ ಸಲ ಹೆಂಡತಿಯ ಹೆಸರು ಹೇಳಿದರು. ತಿಂಗಳುಗಟ್ಟಲೆ ಅವರಿಗೆ ಮಾತು ಕಲಿಸುತ್ತಾ ಅದಕ್ಕಾಗಿ ಕಾದಿದ್ದ ಅವಳಿಗೆ ಮಾತ್ರ ಅದು ಕೇಳಿಸಲಿಲ್ಲ.

ಅವಳು ಸ್ಪೀಚ್ ಥೆರಪಿಸ್ಟ್. ನಾಲ್ಕನೇ ಮಹಡಿಯ ಮನೆಯ ಒಳಕೋಣೆಯಲ್ಲಿ ಕೂತು, ಲ್ಯಾಪ್‌ಟಾಪಿನ ಮೂಲಕ ದೂರದೂರದವರಿಗೆ ಮಾತು ಮರಳಿಸುವುದು ಅವಳ ಕೆಲಸ. ಮೇಷ್ಟ್ರ ತುಟಿ ಅದುರಿತು, ಬಾಯಿ ದುಂಡಗಾಯಿತು, ಅಷ್ಟರಲ್ಲಿ ಪರದೆ ಕಲ್ಲಾಯಿತು. ಮತ್ತೆ ಚಿತ್ರ ಬಂದಾಗ ಅವರ ಹೆಂಡತಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು.

"ಕೇಳಿಸ್ತಾ ಮೇಡಂ? ನನ್ನ ಹೆಸರು ಹೇಳಿದ್ರು."

"ಕೇಳಿಸ್ತು," ಎಂದಳು. ಅದು ಸುಳ್ಳು. ಲ್ಯಾಪ್‌ಟಾಪ್ ಮುಚ್ಚಿ, ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲಿಳಿದಳು.

ಕಟ್ಟಡದ ಸೆಕ್ರೆಟರಿ ಮೊದಲ ಮಹಡಿಯಲ್ಲಿದ್ದರು. ಹೊಸಬರು. ಇಡೀ ಕಟ್ಟಡಕ್ಕೆ ಒಂದೇ ಆಗಿದ್ದ ವೈಫೈ ಬಗ್ಗೆ ಅವಳು ವಾಟ್ಸಾಪ್ ಗ್ರೂಪಿನಲ್ಲಿ ಬರೆದ ಪ್ರತಿ ದೂರಿಗೂ ಅವರಿಂದ ಬರುತ್ತಿದ್ದುದು ಒಂದೇ ಉತ್ತರ: 'ಗಮನಿಸಲಾಗಿದೆ.' ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡ, ರಿಟೈರಾದ ಯಾವನೋ ಅಧಿಕಾರಿ ಇರಬೇಕೆಂದು ಅವಳು ಮನಸ್ಸಿನಲ್ಲೇ ಚಿತ್ರ ಬರೆದುಕೊಂಡಿದ್ದಳು.

ಬಾಗಿಲು ತೆಗೆದವನಿಗೆ ಹೆಚ್ಚೆಂದರೆ ಅವಳದೇ ವಯಸ್ಸು. ಕೂದಲು ಕೆದರಿತ್ತು. ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಬೂದು ಬೆಕ್ಕು ಗುರುಗುಟ್ಟುತ್ತಿತ್ತು. ಎರಡೂ ಕೈತುಂಬ ಪರಚಿದ ಗಾಯಗಳು.

"ಸೆಕ್ರೆಟರಿ ಇದಾರಾ?"

"ನಾನೇ. ಒಂದು ನಿಮಿಷ, ಇದಕ್ಕೆ ಮಾತ್ರೆ ನುಂಗಿಸ್ಬೇಕು."

"ನೀವು..."

"ಪ್ರಾಣಿಗಳ ಡಾಕ್ಟ್ರು. ಸೆಕ್ರೆಟರಿ ಕೆಲಸ ಎಲ್ರೂ ಬೇಡ ಅಂದ್ರು, ಮೀಟಿಂಗಿಗೆ ಹೋಗದವನ ತಲೆಗೆ ಕಟ್ಟಿದ್ರು."

ಅವಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಮೇಷ್ಟ್ರ ಕತೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. "ಎಷ್ಟು ಸಲ ಬರೆದೆ. ನಿಮಗೆ ಹೇಳೋದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸೋದೂ ಒಂದೇ."

"ಕೋಣಗಳು ಚೆನ್ನಾಗಿ ಕೇಳಿಸ್ಕೊಳ್ತವೆ ಮೇಡಂ," ಎಂದ ಅವನು, ಬೆಕ್ಕಿನ ಬಾಯಿ ಬಿಡಿಸುತ್ತಾ. ಆಮೇಲೆ ತಲೆಯೆತ್ತಿ, ತಗ್ಗಿದ ದನಿಯಲ್ಲಿ, "ಹೆಂಡ್ತಿ ಹೆಸರು ಹೇಳಿದ್ದು ತಪ್ಪಿಹೋಯ್ತಾ? ಛೆ," ಎಂದ.

ಆ 'ಛೆ' ಅವಳನ್ನು ಮೆಟ್ಟಿಲು ಹತ್ತುವಾಗಲೂ ಬಿಡಲಿಲ್ಲ. ಅದರಿಂದ ಸಿಟ್ಟು ಇನ್ನಷ್ಟು ಹೆಚ್ಚಿತು. ಜಗಳವಾಡಲು ಹೋದವಳನ್ನು ಅರ್ಧಕ್ಕೇ ಮೆತ್ತಗೆ ಮಾಡಿ ಕಳಿಸಿದ್ದನಲ್ಲ.

ಭಾನುವಾರ ಅವನೇ ಕರೆದ. ಸಿಗ್ನಲ್ ಎಲ್ಲಿ ಸಾಯುತ್ತದೆಂದು ಮಹಡಿ ಮಹಡಿ ನೋಡಿಕೊಂಡು ಬರೋಣ, ಎರಡು ಫೋನ್ ಬೇಕು ಎಂದ. ನೆಲಮಹಡಿಯ ಆಫೀಸಿನಲ್ಲಿ ಇಂಟರ್ನೆಟ್ಟಿನ ಡಬ್ಬಿಯನ್ನು ಹಿಂದಿನ ಸೆಕ್ರೆಟರಿ ಕಳ್ಳರ ಭಯಕ್ಕೆ ಕಬ್ಬಿಣದ ಬೀರುವಿನೊಳಗೆ ಇಟ್ಟು ಬೀಗ ಹಾಕಿದ್ದರು. ಅವಳು ಹಣೆ ಚಚ್ಚಿಕೊಂಡಳು. ಡಬ್ಬಿಯನ್ನು ಹೊರಗೆ ತೆಗೆದಿಟ್ಟು ಅವನು ಮೆಟ್ಟಿಲ ಬುಡದಲ್ಲಿ ನಿಂತ, ಅವಳು ವೈಫೈನಲ್ಲೇ ಅವನಿಗೆ ಕರೆ ಮಾಡಿ, ಫೋನ್ ಹಿಡಿದು ಮೆಟ್ಟಿಲು ಹತ್ತಿದಳು.

"ಈಗ?"

"ಇದೆ."

"ಈಗ?"

"ಎರಡು ಕಡ್ಡಿ."

ಅವನ ದನಿ ಕಿವಿಯ ಫೋನಿನಲ್ಲೊಮ್ಮೆ, ಮೆಟ್ಟಿಲ ಸಂದಿಯಿಂದ ಇನ್ನೊಮ್ಮೆ ಬರುತ್ತಿತ್ತು. ನಾಲ್ಕನೇ ಮಹಡಿಯಲ್ಲಿ ಲಿಫ್ಟಿನ ದಪ್ಪ ಕಾಂಕ್ರೀಟ್ ಗೋಡೆ ದಾಟುತ್ತಲೇ ಫೋನಿನ ದನಿ ಸತ್ತಿತು. ಅವಳು ಕಟಕಟೆಯ ಮೇಲಿಂದ ಬಗ್ಗಿದಳು. ಕೆಳಗೆ ಅವನು ಕತ್ತೆತ್ತಿ ನೋಡುತ್ತಿದ್ದ. ನೋಡಬೇಕಾದುದಕ್ಕಿಂತ ತುಸು ಹೆಚ್ಚು ಹೊತ್ತು ಇಬ್ಬರೂ ನೋಡಿದರು.

ಅವನು ಮೇಲೆ ಬಂದು ಗೋಡೆಗಳನ್ನೆಲ್ಲ ಪರೀಕ್ಷಿಸಿದ. "ಪ್ರತಿ ಮಹಡಿಗೂ ಒಂದೊಂದು ಡಬ್ಬಿ ಬೇಕು ಅಂತಾರೆ ಟೆಕ್ನಿಷಿಯನ್ನು. ಮಿಕ್ಕ ಕಡೆ ಎಲ್ಲ ಒಪ್ಪಿದಾರೆ. ಇಲ್ಲಿ ವೈರು ಹೊರಬರೋದಕ್ಕೆ ಇರೋದು ಒಂದೇ ಜಾಗ." ಅವಳ ಮನೆಯ ಬಾಗಿಲ ಮೇಲಿನ ಗೋಡೆಯನ್ನು ತೋರಿಸಿದ.

"ಸರಿ, ಕೊರೆಸಿ. ಯಾಕೆ ಕಾಯ್ತಿದೀರಿ?"

"ಸ್ವಲ್ಪ ಟೈಮ್ ಕೊಡಿ."

"ಇನ್ನೂ ಟೈಮಾ?" ಅವಳಿಗೆ ರೋಸಿಹೋಯಿತು. "ನಿಮ್ಮಂಥ ಸೋಮಾರಿಯನ್ನ ನಾನು ನೋಡೇ ಇಲ್ಲ."

ಅವನು ತಲೆಯಾಡಿಸಿ ಇಳಿದುಹೋದ.

ಎರಡು ದಿನ ಬಿಟ್ಟು ಮೂರನೇ ಮಹಡಿಯಲ್ಲಿ ಡಬ್ಬಿ ಕೂರಿಸುತ್ತಿದ್ದ ಟೆಕ್ನಿಷಿಯನ್ ಮೆಟ್ಟಿಲಲ್ಲಿ ಸಿಕ್ಕ. ನಮ್ಮ ಮಹಡಿ ಯಾವಾಗ ಎಂದು ಕೇಳಿದಳು. ಅವನು ಕಣ್ಣರಳಿಸಿದ.

"ನಿಮ್ಮ ಮನೆಯವರೇ ಬೇಡ ಅಂದಿದ್ದಲ್ವಾ? ಆ ವಯಸ್ಸಾದಮ್ಮ. ಡಾಕ್ಟ್ರು ಮೂರು ಸಲ ಬಂದು ಕೇಳಿದ್ರು. ಆಗಲ್ಲ ಅಂದುಬಿಟ್ರು."

ಮನೆಯಲ್ಲಿದ್ದುದು ಅವಳು ಮತ್ತು ಅವಳ ಅತ್ತೆ, ಅಪ್ಪನ ಅಕ್ಕ. ಅವಳನ್ನು ಸಾಕಿ ಬೆಳೆಸಿದವರು. ಒಳಗೆ ಹೋದಾಗ ಅತ್ತೆ ಕಿಟಕಿಯ ಬಳಿ ಬಟ್ಟೆ ಮಡಚುತ್ತಿದ್ದರು.

"ಯಾಕೆ ಅತ್ತೆ?"

"ಆ ಡಬ್ಬಿಯಿಂದ ತಲೆನೋವು ಬರುತ್ತಂತೆ."

"ಅತ್ತೆ."

ಅತ್ತೆ ದಿಂಬಿನ ಚೀಲವೊಂದನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದರು. "ಬೆಳಿಗ್ಗೆಯಿಂದ ಸಂಜೆವರೆಗೆ ಬಾಗಿಲು ಹಾಕ್ಕೊಂಡು ಊರವರ ಜೊತೆಯೆಲ್ಲ ಮಾತಾಡ್ತೀಯ ಕಣೇ. ಆ ಹಾಳು ನೆಟ್‌ವರ್ಕ್ ಹೋದಾಗ ಮಾತ್ರ ಹೊರಗೆ ಬಂದು ನನ್ನ ಪಕ್ಕ ಕೂತು ಬೈತೀಯ. ಬೈಯೋದಕ್ಕಾದರೂ ಬರ್ತೀಯಲ್ಲ ಅಂತ..."

ಅವಳು ಅತ್ತೆಯ ಪಕ್ಕ ಕೂತು, ಮಡಚದೆ ಉಳಿದಿದ್ದ ಬಟ್ಟೆಗಳನ್ನು ಒಂದೊಂದಾಗಿ ಎತ್ತಿಕೊಂಡಳು. ರಾಶಿ ಮುಗಿಯುವವರೆಗೂ ಇಬ್ಬರೂ ಅಲ್ಲಿಂದ ಏಳಲಿಲ್ಲ. ಕೊನೆಗೆ ಅತ್ತೆಯೇ, "ಕೊರೆಸಿಕೋ ಹೋಗು. ಆದ್ರೆ ಸಂಜೆ ಆರರ ಮೇಲೆ ನೀನು ನನ್ನವಳು," ಎಂದರು.

"ಆಯ್ತು ಅತ್ತೆ."

"ಆ ಹುಡುಗನ್ನ ಬೈಬೇಡ. ನಿನಗೆ ಹೇಳಬೇಡಿ ಅಂತ ನಾನೇ ಕೇಳ್ಕೊಂಡಿದ್ದೆ."

ಬೈಯಬಾರದೆಂದುಕೊಂಡೇ ಅವನ ಕ್ಲಿನಿಕ್ಕಿಗೆ ಹೋದಳು. ಅವನನ್ನು ಕಂಡೊಡನೆ ಬಾಯಿ ತಾನಾಗಿ ಬೈಯಿತು.

"ಹೇಳಬಾರದಿತ್ತಾ? ಗ್ರೂಪಿನಲ್ಲಿ ಅಷ್ಟು ಜನರ ಮುಂದೆ ಬೈದೆ. ಸೋಮಾರಿ ಅಂದೆ. ಎಲ್ಲಾ ನುಂಗಿಕೊಂಡು ಸುಮ್ಮನಿದ್ರಲ್ಲ."

ಅವನು ಒಂದು ಮುದಿನಾಯಿಯ ಕಾಲಿಗೆ ಬ್ಯಾಂಡೇಜ್ ಸುತ್ತುತ್ತಿದ್ದ. "ಹೇಳಿದ್ರೆ ನೀವು ಅವರ ಜೊತೆ ಜಗಳ ಆಡ್ತಿದ್ರಿ. ಅವರಿಗೆ ನಿಮ್ಮನ್ನ ಬಿಟ್ರೆ ಯಾರಿದಾರೆ? ಅದಕ್ಕಿಂತ ನನ್ನ ಜೊತೆ ಆಡಿದ್ರೆ ವಾಸಿ ಅನ್ನಿಸ್ತು." ಗಂಟು ಬಿಗಿದು, ಕಣ್ಣೆತ್ತದೆ ಸೇರಿಸಿದ, "ಆಮೇಲಾಮೇಲೆ ಕಾಯೋಕೂ ಶುರು ಮಾಡಿದ್ದೆ, ಇವತ್ತು ಯಾಕೆ ಇನ್ನೂ ಬೈದಿಲ್ಲ ಅಂತ."

ಅವಳ ಕಿವಿಯ ತುದಿ ಬಿಸಿಯಾಯಿತು. ನಾಯಿಯ ತಲೆ ಸವರಿ ಹೊರಟುಬಂದಳು.

ನಾಲ್ಕನೇ ಮಹಡಿಯಲ್ಲೂ ಡಬ್ಬಿ ಕೂತಿತು. ಲ್ಯಾಪ್‌ಟಾಪಿನಲ್ಲಿ ಮುಖಗಳು ಕಲ್ಲಾಗುವುದು ನಿಂತಿತು. ಮಾತುಗಳು ಅರ್ಧಕ್ಕೆ ತುಂಡಾಗಲಿಲ್ಲ. ಆರು ಗಂಟೆಗೆ ಅವಳು ಕೋಣೆಯಿಂದ ಹೊರಗೆ ಬರುತ್ತಿದ್ದಳು. ಅತ್ತೆಗೆ ಖುಷಿಯೋ ಖುಷಿ.

ಅವಳಿಗೆ ಮಾತ್ರ ಎಲ್ಲದರ ಮೇಲೂ ಸಿಡಿಮಿಡಿ. ಗ್ರೂಪಿನಲ್ಲಿ ಬರೆಯಲು ದೂರಿಲ್ಲ. ಕೆಳಗಿಳಿಯಲು ನೆಪವಿಲ್ಲ. ಅವನಾದರೂ ಬರಬಾರದೇ? ಒಂದು ವಾರ ಕಾದು, ಎಂಟನೆಯ ದಿನ ಬಾಗಿಲು ತೆಗೆದರೆ, ಅವನು ಎದುರಿಗೇ ನಿಂತಿದ್ದ. ಕರೆಗಂಟೆಯ ಹತ್ತಿರ ಬೆರಳು ಒಯ್ದು ಒತ್ತದೆ ನಿಂತಿದ್ದ.

"ಎಷ್ಟು ಹೊತ್ತಿಂದ ನಿಂತಿದೀರಿ?"

"ಈಗ ಬಂದೆ. ಸಿಗ್ನಲ್ ಹೇಗಿದೆ ಅಂತ ಕೇಳೋಣ ಅಂತ."

"ಚೆನ್ನಾಗಿದೆ."

"ಓ. ಒಳ್ಳೇದು." ಅವನು ಒಂದು ಮೆಟ್ಟಿಲು ಇಳಿದ. ಮತ್ತೆ ಹತ್ತಿದ. "ಅಂದ್ರೆ, ನಾನು ಏನು ಹೇಳೋಕೆ ಬಂದೆ ಅಂದ್ರೆ..."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ಕಾದಳು. ಅವನು ಗೋಡೆ ನೋಡಿದ, ತನ್ನ ಕಾಲ್ಬೆರಳು ನೋಡಿದ.

"ಡಾಕ್ಟ್ರೇ, ಬೇರೆಯವರ ಮಾತಿಗೆ ಕಾಯೋದೇ ನನ್ನ ಕೆಲಸ. ಆದ್ರೆ ನಿಮ್ಮ ಮಾತಿಗೆ ಕಾಯೋ ತಾಳ್ಮೆ ನನಗಿಲ್ಲ. ಹೇಳಿಬಿಡಿ."

"ನೀವು ಬೈಯದೇ ಇದ್ರೆ ದಿನ ಮುಗಿದ ಹಾಗೇ ಅನ್ಸಲ್ಲ. ನನ್ನನ್ನ ಮದುವೆ ಆಗ್ತೀರಾ?"

ಕೇಳಿದ್ದು ಅವನೇ ಆದರೂ ಬೆಚ್ಚಿದವನು ಅವನೇ. ಅವಳು ಅವನ ಪರಚಿದ ಕೈಯನ್ನು ಹಿಡಿದು ಹೊಸಿಲ ಒಳಗೆ ಎಳೆದುಕೊಂಡಳು.

"ಇಷ್ಟಕ್ಕೆ ಒಂದು ವಾರ ಬೇಕಾಯ್ತಾ ನಿಮಗೆ? ಹೂಂ, ಆಗ್ತೀನಿ. ಒಳಗೆ ಬಂದು ಅತ್ತೆನ ನೀವೇ ಕೇಳಿ."

"ಕೇಳೋದೇನೂ ಬೇಡ," ಎಂದರು ಅತ್ತೆ ಒಳಗಿನಿಂದ. "ಕಿಟಕಿ ಪಕ್ಕ ಇನ್ನೊಂದು ಕುರ್ಚಿ ಹಾಕಿದೀನಿ. ಬಂದು ಕೂತ್ಕೊಳ್ಳೋಕೆ ಹೇಳು."